ಅರ್ಧದಾರಿಯಲ್ಲಿ ಅಡ್ಡ ನಿಲ್ಲುವ ಮಿನಿ ಬಾಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಓಡುತ್ತ, ಹಳ್ಳ ದಾಟುತ್ತ, ಹಲಗೆಯಿಂದ ಹಲಗೆಗೆ ನೆಗೆಯುತ್ತ ಸಾಗುವ ಪ್ಲಾಟ್‌ಫಾರ್ಮ್ ಗೇಮ್‌ಗಳ ಬಗ್ಗೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಯ ಬಾಸ್‌ನನ್ನು, ಅಂದರೆ ಆಟದ ತುದಿಯಲ್ಲಿ ಎದುರಾಗುವ ಪ್ರಬಲ ಶತ್ರುವನ್ನು ಕುರಿತಾಗಿರುತ್ತವೆ. ಈ ಸಲ ಮಾತ್ರ ಬಂದ ಪತ್ರಗಳಲ್ಲಿ ಅನೇಕವು ಕೊನೆಯವನನ್ನು ಬಿಟ್ಟು, ಅರ್ಧದಾರಿಯಲ್ಲಿ ಅಡ್ಡ ನಿಲ್ಲುವ ಮಿನಿ ಬಾಸ್‌ನ ಬೆನ್ನು ಹತ್ತಿವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವನಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಹತ್ತಾರು ಹೊಡೆತ ತಿಂದರೂ ಸಾಯದ ದೊಡ್ಡ ಶತ್ರುಗಳೆಲ್ಲ ಮಿನಿ ಬಾಸ್‌ಗಳೇ ಎಂದು ನನ್ನ ತಮ್ಮ ವಾದಿಸುತ್ತಾನೆ. ನನಗೆ ಅದು ಒಪ್ಪಿಗೆಯಿಲ್ಲ, ಆದರೆ ಏಕೆ ಎಂದು ಹೇಳಲೂ ಬರುತ್ತಿಲ್ಲ. ವ್ಯತ್ಯಾಸ ಎಲ್ಲಿದೆ?

ಉತ್ತರ: ವಾದದಲ್ಲಿ ನೀವೇ ಗೆದ್ದಿದ್ದೀರಿ ಎಂದು ತಮ್ಮನಿಗೆ ತಿಳಿಸಬಹುದು. ಮಿನಿ ಬಾಸ್ ಎಂಬುದು ಮೈಗಾತ್ರಕ್ಕೆ ಸಂಬಂಧಪಟ್ಟ ಮಾತಲ್ಲ, ಅವನು ನಿಂತಿರುವ ಜಾಗಕ್ಕೂ ಅವನಿಗೆ ವಹಿಸಿರುವ ಕೆಲಸಕ್ಕೂ ಸಂಬಂಧಪಟ್ಟದ್ದು. ಜಪಾನಿನಲ್ಲಿ ಇಂಥ ಶತ್ರುವನ್ನು ‘ಚೂಬೊಸು’ ಎನ್ನುತ್ತಾರೆ. ಅಲ್ಲಿ ‘ಚೂ’ ಎಂದರೆ ನಡುವಿನದು. ‘ಮಿನಿ’ ಎನ್ನುವುದಕ್ಕಿಂತ ಈ ಹೆಸರೇ ಹೆಚ್ಚು ನಿಖರವಾಗಿದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೊನೆಯ ಬಾಸ್‌ಗಿಂತ ದಪ್ಪಗಿರುವ ಮಿನಿ ಬಾಸ್‌ಗಳನ್ನೂ ಬೇಕಾದಷ್ಟು ನೋಡಿದ್ದೇವೆ.

1987ರ ಮೊದಲ ‘ಮೆಗಾ ಮ್ಯಾನ್’ ಆಟದಲ್ಲಿ ಒಂಟಿಕಾಲಿನಲ್ಲಿ ಧೊಪ್ಪೆಂದು ಕುಪ್ಪಳಿಸುತ್ತ ಬರುವ ‘ಬಿಗ್ ಐ’ ಎಂಬ ದೈತ್ಯ ಯಂತ್ರವಿದೆ. ಅದು ನಾಯಕನ ಹಲವು ಪಟ್ಟು ಎತ್ತರವಿದೆ, ಬೇಗ ಸಾಯುವುದಿಲ್ಲ, ಮೈಗೆ ತಾಗಿದರೆ ಶಕ್ತಿಯ ದೊಡ್ಡ ಪಾಲನ್ನೇ ಕಿತ್ತುಕೊಳ್ಳುತ್ತದೆ. ಆದರೂ ಅದು ಎತ್ತರಕ್ಕೆ ನೆಗೆದಾಗ ಕೆಳಗಿನಿಂದ ನುಸುಳಿ ಓಡಿದರೆ ಆಟ ನಿಮ್ಮನ್ನು ತಡೆಯುವುದಿಲ್ಲ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಸುತ್ತಿಗೆ ಎಸೆಯುವ ಜೋಡಿ ಆಮೆಗಳೂ ಹಾಗೆಯೇ. ಬೆವರಿಳಿಸುತ್ತವೆ ನಿಜ, ಆದರೆ ದಾಟಿ ಹೋಗಬಹುದು. ಮಿನಿ ಬಾಸ್‌ನ ಮುಂದೆ ಈ ಉಪಾಯ ನಡೆಯುವುದಿಲ್ಲ. ಅವನ ಕೋಣೆಗೆ ಕಾಲಿಟ್ಟೊಡನೆ ಪರದೆ ಸರಿಯುವುದನ್ನು ನಿಲ್ಲಿಸುತ್ತದೆ, ಸಂಗೀತ ಬದಲಾಗುತ್ತದೆ, ಹಿಂದಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಮತ್ತು ಅವನೊಂದಿಗಿನ ಲೆಕ್ಕ ಚುಕ್ತಾ ಆಗುವವರೆಗೆ ಮುಂದಿನ ದಾರಿ ತೆರೆಯುವುದಿಲ್ಲ. ಲೆಕ್ಕ ಚುಕ್ತಾ ಆದ ಮೇಲೂ ಆಟ ಅಥವಾ ಅಧ್ಯಾಯ ಮುಗಿಯುವುದಿಲ್ಲ, ಇನ್ನೂ ದೊಡ್ಡವನೊಬ್ಬ ಮುಂದೆ ಕಾದಿರುತ್ತಾನೆ. ಈ ಎರಡು ಲಕ್ಷಣಗಳೂ ಕೂಡಿದ್ದರೆ ಮಾತ್ರ ಅವನು ಮಿನಿ ಬಾಸ್.

ಈ ಅಳತೆಗೋಲನ್ನು ಹಿಡಿದು ಹೊರಟರೆ ಒಂದು ಮೋಜಿನ ಸಂಗತಿಯೂ ಕಾಣುತ್ತದೆ. ಅದೇ 1985ರ ಆಟದಲ್ಲಿ ಎಂಟು ಲೋಕಗಳ ಎಂಟು ಕೋಟೆಗಳಲ್ಲೂ ಖಳನಾಯಕ ಬೌಸರ್ ಎದುರಾಗುತ್ತಾನೆ. ಆದರೆ ಮೊದಲ ಏಳು ಕೋಟೆಗಳಲ್ಲಿ ಅವನನ್ನು ಬೆಂಕಿಯುಂಡೆಯಿಂದ ಹೊಡೆದುರುಳಿಸಿದರೆ ವೇಷ ಕಳಚಿ ಒಳಗಿದ್ದ ಸಾಮಾನ್ಯ ಶತ್ರು ಹೊರಬೀಳುತ್ತಾನೆ. ಮೊದಲ ಲೋಕದಲ್ಲಿ ಬೌಸರ್‌ನ ವೇಷದಲ್ಲಿರುವುದು ಕೇವಲ ಒಂದು ಗೂಂಬಾ, ಒಂದೇ ತುಳಿತಕ್ಕೆ ಸಾಯುವ ಪುಟ್ಟ ಶತ್ರು! ಹಾಗಾದರೆ ಆ ಏಳು ಮಂದಿ ಬಾಸ್‌ಗಳೋ ಮಿನಿ ಬಾಸ್‌ಗಳೋ? ನನ್ನನ್ನು ಕೇಳಿದರೆ ಮಿನಿ ಬಾಸ್‌ಗಳೇ. ತಮ್ಮನೊಂದಿಗೆ ಮುಂದಿನ ವಾದಕ್ಕೆ ಇದನ್ನು ಇಟ್ಟುಕೊಳ್ಳಿ.

ಪ್ರಶ್ನೆ: ನನಗೆ ಐವತ್ತು ದಾಟಿದೆ. ಮಗಳ ಒತ್ತಾಯಕ್ಕೆ ಆಡಲು ತೊಡಗಿದ ಆಟದಲ್ಲಿ ಒಬ್ಬ ಮಿನಿ ಬಾಸ್ ಮುಂದೆ ಮೂವತ್ತಕ್ಕೂ ಹೆಚ್ಚು ಸಲ ಸೋತಿದ್ದೇನೆ. ಬೆರಳು ಚುರುಕಿಲ್ಲದವರಿಗೆ ಇದು ಆಗದ ಕೆಲಸವೇ?

ಉತ್ತರ: ಬೆರಳಿನ ಮೇಲೆ ತಪ್ಪು ಹೊರಿಸುವ ಮೊದಲು ಒಂದು ಪ್ರಯೋಗ ಮಾಡಿ ನೋಡಿ. ಮುಂದಿನ ಎರಡು ಸಲ ಅವನನ್ನು ಹೊಡೆಯಲೇಬೇಡಿ. ಸಾಯುವುದು ಹೇಗೂ ಇದ್ದದ್ದೇ, ಆದ್ದರಿಂದ ಆ ಎರಡು ಜೀವಗಳನ್ನು ನೋಡುವುದಕ್ಕಾಗಿಯೇ ಖರ್ಚು ಮಾಡಿ. ಅವನಲ್ಲಿ ಎಷ್ಟು ವರಸೆಗಳಿವೆ ಎಂದು ಎಣಿಸಿ. ಮಿನಿ ಬಾಸ್‌ಗೆ ಸಾಮಾನ್ಯವಾಗಿ ಎರಡೋ ಮೂರೋ ವರಸೆಗಳಷ್ಟೇ ಇರುತ್ತವೆ. ಪ್ರತಿಯೊಂದು ವರಸೆಗೂ ಮೊದಲು ಅವನ ಮೈಯಲ್ಲಿ ಒಂದು ಸುಳಿವು ಕಾಣಿಸುತ್ತದೆ, ಪ್ರತಿಯೊಂದು ವರಸೆಯ ನಂತರವೂ ಅವನಿಗೆ ಒಂದು ಬಿಡುವು ಬೇಕಾಗುತ್ತದೆ. ಭುಜ ಹಿಂದಕ್ಕೆ ಎಳೆದುಕೊಂಡರೆ ನುಗ್ಗುತ್ತಾನೆ, ಮಂಡಿ ಬಾಗಿಸಿದರೆ ಹಾರುತ್ತಾನೆ, ಬಾಯಿ ತೆರೆದರೆ ಏನನ್ನೋ ಉಗುಳುತ್ತಾನೆ. ಈ ಸುಳಿವುಗಳನ್ನು ಬಾಯಿಬಿಟ್ಟು ಹೇಳಿಕೊಳ್ಳಿ, ನಾಚಿಕೊಳ್ಳಬೇಡಿ. ಪಕ್ಕದಲ್ಲಿ ಕೂತ ಮಗಳು ನಕ್ಕರೂ ಚಿಂತೆಯಿಲ್ಲ, ನಾನು ಇಂದಿಗೂ ಹಾಗೆಯೇ ಆಡುತ್ತೇನೆ.

1988ರಲ್ಲಿ ಬಂದ ‘ಸೂಪರ್ ಮಾರಿಯೋ ಬ್ರದರ್ಸ್ 2’ರ ಬರ್ಡೋ ಇದಕ್ಕೆ ಒಳ್ಳೆಯ ಉದಾಹರಣೆ. ಕೊಳವೆಯಂಥ ಬಾಯಿಂದ ಮೊಟ್ಟೆ ಉಗುಳುವ ಈ ಪ್ರಾಣಿ ಹಂತಗಳ ಕೊನೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಅದರ ನೆತ್ತಿಯ ಮೇಲೆ ಹಾರಿದರೆ ಅದಕ್ಕೆ ಏನೂ ಆಗುವುದಿಲ್ಲ. ತನ್ನತ್ತ ಹಾರಿಬರುವ ಮೊಟ್ಟೆಯ ಮೇಲೆಯೇ ನಾಯಕ ಕಾಲೂರಿ ನಿಂತು, ಅದನ್ನು ಎತ್ತಿಕೊಂಡು, ತಿರುಗಿ ಎಸೆಯಬೇಕು. ಹೀಗೆ ಮೂರು ಸಲ ತಾಗಿದರೆ ಕೆಲಸ ಮುಗಿಯಿತು. ನೋಡುವ ಕಣ್ಣಿದ್ದವರಿಗೆ ಮೈಬಣ್ಣದಲ್ಲೇ ಇನ್ನೊಂದು ಗುಟ್ಟಿದೆ. ಗುಲಾಬಿ ಬಣ್ಣದ್ದು ಮೊಟ್ಟೆಯನ್ನು ಮಾತ್ರ ಉಗುಳುತ್ತದೆ, ಕೆಂಪು ಬಣ್ಣದ್ದು ಮೊಟ್ಟೆಯ ಜೊತೆ ಬೆಂಕಿಯನ್ನೂ ಬೆರೆಸುತ್ತದೆ, ಹಸಿರು ಬಣ್ಣದ್ದು ಬರೀ ಬೆಂಕಿ. ಹಸಿರು ಬರ್ಡೋ ಮುಂದೆ ಮೊಟ್ಟೆಗಾಗಿ ಕಾಯುತ್ತ ನಿಂತವರು ಸುಟ್ಟುಹೋಗುತ್ತಾರೆ. ಅಲ್ಲಿ ನೆಲದ ಮೇಲಿರುವ ಅಣಬೆ ಕಲ್ಲುಗಳನ್ನು ಎತ್ತಿ ಎಸೆಯಬೇಕು. ಇದರಲ್ಲಿ ಬೆರಳಿನ ಚುರುಕಿಗೆ ಇರುವ ಪಾಲು ಎಷ್ಟು, ಕಣ್ಣಿಗೆ ಇರುವ ಪಾಲು ಎಷ್ಟು ಎಂದು ನೀವೇ ಅಳೆದು ನೋಡಿ.

ಇನ್ನೂ ಒಂದು ಮಾತಿದೆ. ಮೂವತ್ತು ಸಲ ಸೋತವರು ಬಹುತೇಕ ಒಂದೇ ಜಾಗದಲ್ಲಿ ಸೋತಿರುತ್ತಾರೆ, ಮತ್ತು ಆ ಜಾಗ ಬಹುತೇಕ ದುರಾಸೆಯದು. ಒಂದು ಹೊಡೆತಕ್ಕೆ ಬಿಡುವಿರುವ ಕಡೆ ಎರಡನೆಯದನ್ನೂ ಹೊಡೆಯಲು ಹೋಗಿ, ಹಿಂದೆ ಸರಿಯುವಷ್ಟರಲ್ಲಿ ಅವನ ಮುಂದಿನ ವರಸೆಗೆ ಸಿಕ್ಕಿಬೀಳುತ್ತಾರೆ. ಒಂದು ಹೊಡೆದು ಹಿಂದೆ ಸರಿಯಿರಿ. ಹೋರಾಟ ಸ್ವಲ್ಪ ಉದ್ದವಾಗುತ್ತದೆ, ಅಷ್ಟೇ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಬಿಡುವಿನ ವೇಳೆಯಲ್ಲಿ ಒಂದು ಪ್ಲಾಟ್‌ಫಾರ್ಮ್ ಗೇಮ್ ತಯಾರಿಸುತ್ತಿದ್ದೇನೆ. ಅದರ ಮೊದಲ ಮಿನಿ ಬಾಸ್ ಒಂದು ದೈತ್ಯ ಕಪ್ಪೆ. ಅದು ನಾಯಕನ ಮೇಲೆ ಹಾರಿ ಬೀಳುತ್ತದೆ, ನಾಲಗೆ ಚಾಚಿ ಹೊಡೆಯುತ್ತದೆ. ಆಟ ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳು) ಓಡುತ್ತದೆ. ನಾಲಗೆಗೆ ಮೊದಲು 8 ಫ್ರೇಮ್‌ಗಳ ಸುಳಿವು ಕೊಟ್ಟಿದ್ದೇನೆ. ಕಪ್ಪೆ 64 ಪಿಕ್ಸೆಲ್ ಅಗಲ, ನಾಯಕ 16 ಪಿಕ್ಸೆಲ್ ಅಗಲ. ಕಪ್ಪೆಯ ಹಾರಾಟ 40 ಫ್ರೇಮ್‌ಗಳದು, ಅದರ ಮೊದಲರ್ಧದಲ್ಲಿ ಅದು ನಾಯಕನತ್ತ ದಿಕ್ಕು ತಿರುಗಿಸುತ್ತದೆ. ನಾಯಕನ ಓಟ ಫ್ರೇಮಿಗೆ 2 ಪಿಕ್ಸೆಲ್. ಆಡಿದ ಗೆಳೆಯರೆಲ್ಲ ‘ಇದು ಅನ್ಯಾಯ’ ಎನ್ನುತ್ತಾರೆ. ನನಗೆ ಮಾತ್ರ ಸುಲಭವಾಗಿ ಗೆಲ್ಲಲು ಬರುತ್ತದೆ. ತಪ್ಪು ಯಾರದು?

ಉತ್ತರ: ಅಂಕಿಗಳನ್ನು ಬರೆದು ಕಳಿಸಿದ್ದಕ್ಕೆ ಮೊದಲು ಧನ್ಯವಾದ. ಇಂಥ ದೂರುಗಳಲ್ಲಿ ಅರ್ಧಕ್ಕರ್ಧ ಅಂಕಿ ನೋಡಿದ ಕೂಡಲೇ ಬಗೆಹರಿಯುತ್ತವೆ. ಗೆಳೆಯರ ಮಾತು ನಿಜ. ನಿಮಗೆ ಗೆಲ್ಲಲು ಬರುವುದಕ್ಕೆ ಕಾರಣ, ಕಪ್ಪೆ ಮುಂದೇನು ಮಾಡುತ್ತದೆ ಎಂಬುದು ಅದನ್ನು ಬರೆದ ನಿಮಗೆ ಮೊದಲೇ ಗೊತ್ತಿರುತ್ತದೆ. ಸ್ವಂತ ಆಟದ ಕಷ್ಟವನ್ನು ಅಳೆಯಲು ಅದನ್ನು ಬರೆದವನಷ್ಟು ಅಯೋಗ್ಯ ಮತ್ತೊಬ್ಬನಿಲ್ಲ.

ನಾಲಗೆಯಿಂದ ಶುರುಮಾಡೋಣ. ಸೆಕೆಂಡಿಗೆ 60 ಫ್ರೇಮ್ ಎಂದರೆ ನಿಮ್ಮ 8 ಫ್ರೇಮ್‌ಗಳು ಸೆಕೆಂಡಿನ ಏಳನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕಣ್ಣಿಗೆ ಒಂದು ಸಂಗತಿ ಬಿದ್ದು, ಅದಕ್ಕೆ ತಕ್ಕಂತೆ ಬೆರಳು ಗುಂಡಿ ಒತ್ತಲು ಸಾಮಾನ್ಯ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಅಂದರೆ 15 ಫ್ರೇಮ್. ಅದೂ ಏನು ಮಾಡಬೇಕೆಂದು ಮೊದಲೇ ತೀರ್ಮಾನವಾಗಿದ್ದಾಗ. ‘ಹಾರಲೋ, ಬಗ್ಗಲೋ’ ಎಂಬ ಆಯ್ಕೆಯೂ ಸೇರಿದರೆ ಇನ್ನೂ ಹೆಚ್ಚು. ಅದರ ಮೇಲೆ ಟಿವಿಯ ತಡ, ವೈರಿಲ್ಲದ ಕಂಟ್ರೋಲರ್‌ನ ತಡ. ಆದ್ದರಿಂದ ನಿಮ್ಮ ಕಪ್ಪೆ ಬಾಯಿ ತೆರೆದದ್ದು ಆಟಗಾರನ ತಲೆಗೆ ತಲುಪುವ ಮೊದಲೇ ನಾಲಗೆ ಅವನ ಮೈಗೆ ತಲುಪಿರುತ್ತದೆ. ಮೊದಲ ಮಿನಿ ಬಾಸ್ ಆದ್ದರಿಂದ ಸುಳಿವನ್ನು 28ರಿಂದ 30 ಫ್ರೇಮ್‌ಗಳಿಗೆ ಹಿಗ್ಗಿಸಿ. ಗಂಟಲು ಉಬ್ಬಿಕೊಳ್ಳಲಿ, ಕಣ್ಣು ಅರೆಮುಚ್ಚಲಿ, ಜೊತೆಗೆ ಒಂದು ‘ಗುಟುಕ್’ ಎಂಬ ಸದ್ದಿರಲಿ. ಸದ್ದನ್ನು ಅಲಂಕಾರ ಎಂದುಕೊಳ್ಳಬೇಡಿ, ನಾಯಕನ ಮೇಲೇ ಕಣ್ಣು ನೆಟ್ಟಿರುವ ಆಟಗಾರನಿಗೆ ಅದೇ ಮೊದಲು ತಲುಪುತ್ತದೆ. ಹಾರುವ ಮೊದಲಿನ ಭಂಗಿಗೂ ನಾಲಗೆ ಚಾಚುವ ಮೊದಲಿನ ಭಂಗಿಗೂ ಗೊಂದಲವಾಗದಂತೆಯೂ ನೋಡಿಕೊಳ್ಳಿ. ಎರಡೂ ಚಿತ್ರಗಳನ್ನು ಪೂರ್ತಿ ಕಪ್ಪು ಬಣ್ಣದಲ್ಲಿ ತುಂಬಿ ದೂರದಿಂದ ನೋಡಿ. ಬರೀ ಆಕಾರದಿಂದಲೇ ಯಾವುದು ಯಾವುದೆಂದು ಹೇಳಲು ಬಂದರೆ ಸರಿಯಿದೆ.

ಈಗ ಹಾರಾಟ. ನಿಜವಾದ ಎಡವಟ್ಟು ಇರುವುದು ಇಲ್ಲಿಯೇ. ಕಪ್ಪೆ ನೇರವಾಗಿ ನಾಯಕನ ನೆತ್ತಿಯ ಮೇಲೆ ಇಳಿಯುತ್ತದೆ ಎಂದುಕೊಳ್ಳೋಣ. ಪಾರಾಗಲು ಅವನು ಕಪ್ಪೆಯ ಅರ್ಧ ಅಗಲವಾದ 32 ಪಿಕ್ಸೆಲ್ ಮತ್ತು ತನ್ನ ಅರ್ಧ ಅಗಲವಾದ 8 ಪಿಕ್ಸೆಲ್, ಒಟ್ಟು 40 ಪಿಕ್ಸೆಲ್ ಓಡಬೇಕು. ಫ್ರೇಮಿಗೆ 2 ಪಿಕ್ಸೆಲ್‌ನಂತೆ ಅದಕ್ಕೆ 20 ಫ್ರೇಮ್ ಬೇಕು. ನೋಡಿ ಗುಂಡಿ ಒತ್ತಲು 15 ಸೇರಿಸಿದರೆ 35. ಹಾರಾಟ 40 ಫ್ರೇಮ್‌ಗಳದ್ದಾದ್ದರಿಂದ ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, 5 ಫ್ರೇಮ್ ಉಳಿಯುತ್ತವೆ ಕೂಡ. ಆದರೆ ಮೊದಲ 20 ಫ್ರೇಮ್‌ಗಳಲ್ಲಿ ಕಪ್ಪೆ ಗಾಳಿಯಲ್ಲೇ ನಾಯಕನನ್ನು ಹಿಂಬಾಲಿಸುತ್ತದೆ ಎಂದಿದ್ದೀರಿ. ಅಂದರೆ ಅದು ಎಲ್ಲಿ ಬೀಳುತ್ತದೆ ಎಂಬುದು ಗೊತ್ತಾಗುವ ಹೊತ್ತಿಗೆ ಉಳಿಯುವುದು ಇಪ್ಪತ್ತೇ ಫ್ರೇಮ್, ಬೇಕಾಗಿರುವುದು ಮೂವತ್ತೈದು. ಆ ಹೊತ್ತಿಗಾಗಲೇ ಸರಿಯಾದ ದಿಕ್ಕಿನಲ್ಲಿ ಓಡುತ್ತಿದ್ದವನು ಬಚಾವಾಗುತ್ತಾನೆ, ನಿಂತು ನೋಡಿದವನು ಅಪ್ಪಚ್ಚಿಯಾಗುತ್ತಾನೆ. ನೋಡಿ ಕಲಿಯಲು ಹೊರಟವನನ್ನೇ ಶಿಕ್ಷಿಸುವ ಶತ್ರುವನ್ನು ನೀವು ತಯಾರಿಸಿದ್ದೀರಿ. ಪರಿಹಾರ ಒಂದೇ ಸಾಲಿನದು: ಬೀಳುವ ಜಾಗವನ್ನು ಕಪ್ಪೆ ನೆಲ ಬಿಡುವ ಫ್ರೇಮಿನಲ್ಲೇ ಗೊತ್ತುಮಾಡಿ, ಅಲ್ಲಿ ನೆಲದ ಮೇಲೆ ಅದರ ನೆರಳು ಮೂಡಲಿ, ಆಮೇಲೆ ಏನೇ ಆದರೂ ಅದನ್ನು ಬದಲಿಸಬೇಡಿ. ಬೇಕಿದ್ದರೆ ಹಾರಾಟವನ್ನು ಇನ್ನೈದು ಫ್ರೇಮ್ ಹೆಚ್ಚಿಸಿ.

ಬಿದ್ದ ಮೇಲೆ ಕಪ್ಪೆ 45 ಫ್ರೇಮ್‌ಗಳಾದರೂ ಸುಸ್ತಾಗಿ ಕೂರಲಿ. ಪೆಟ್ಟು ತಿಂದ ನಾಯಕ ಒಂದು ಸೆಕೆಂಡಿನಷ್ಟು ಹೊತ್ತು ಮಿಣುಕುತ್ತ ಇನ್ನೊಂದು ಪೆಟ್ಟಿನಿಂದ ರಕ್ಷಣೆ ಪಡೆಯಲಿ. ಕಪ್ಪೆಗೂ ಅಂಥ ಚಿಕ್ಕ ರಕ್ಷಣೆ ಬೇಕು, ಇಲ್ಲದಿದ್ದರೆ ಕತ್ತಿಯ ಒಂದೇ ಬೀಸು ಅದರ ಮೈಯೊಳಗೆ ಹಾದುಹೋಗುವಷ್ಟರಲ್ಲಿ ಐದಾರು ಪೆಟ್ಟುಗಳೆಂದು ಲೆಕ್ಕವಾಗಿ ಹೋರಾಟ ಎರಡು ಕ್ಷಣದಲ್ಲಿ ಮುಗಿಯುತ್ತದೆ. ಕಪ್ಪೆಯ ಹಿಟ್‌ಬಾಕ್ಸ್, ಅಂದರೆ ಪೆಟ್ಟು ತಾಗಿತೇ ಎಂದು ಆಟ ಲೆಕ್ಕ ಹಾಕುವ ಕಾಣದ ಚೌಕಟ್ಟು, ಚಿತ್ರಕ್ಕಿಂತ ನಾಲ್ಕಾರು ಪಿಕ್ಸೆಲ್ ಚಿಕ್ಕದಿರಲಿ, ನಾಯಕನ ಆಯುಧದ ಹಿಟ್‌ಬಾಕ್ಸ್ ಚಿತ್ರಕ್ಕಿಂತ ಸ್ವಲ್ಪ ದೊಡ್ಡದಿರಲಿ. ಇದು ಮೋಸವೇ, ಆದರೆ ಆಟಗಾರನ ಪರವಾದ ಮೋಸವನ್ನು ಯಾರೂ ದೂರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ನಿಮಗೇ ಹಿಂದಿರುಗಿಸುತ್ತೇನೆ: ಕಪ್ಪೆಯ ಕೋಣೆಗೆ ಬರುವ ಮುನ್ನ ಆ ಲೆವೆಲ್‌ನಲ್ಲಿ ನಾಲಗೆ ಎಲ್ಲಾದರೂ ಕಂಡಿತ್ತೇ? ಮಿನಿ ಬಾಸ್ ಎಂದರೆ ಅಲ್ಲಿಯವರೆಗಿನ ಪಾಠದ ಮೇಲಿನ ಕಿರುಪರೀಕ್ಷೆ. ಕಲಿಸದ ಪಾಠದಿಂದ ಪ್ರಶ್ನೆ ಕೇಳಿದರೆ ವಿದ್ಯಾರ್ಥಿಯನ್ನು ದಡ್ಡನೆನ್ನಲಾಗದು. ದಾರಿಯಲ್ಲಿ ಎರಡು ಮೂರು ಪುಟ್ಟ ಕಪ್ಪೆಗಳನ್ನು ಕೂರಿಸಿ. ಒಂದು ಬರೀ ಹಾರಲಿ, ಇನ್ನೊಂದು ಕಂದಕದ ಆಚೆ ದಡದಲ್ಲಿ ಕೂತು, ತಾಗದಷ್ಟು ದೂರದಿಂದ ನಾಲಗೆ ಚಾಚಲಿ. 1995ರ ‘ಯೋಶೀಸ್ ಐಲ್ಯಾಂಡ್’ ಈ ತತ್ವವನ್ನೇ ಕಥೆಯಾಗಿಸಿದೆ. ಅದರ ಪ್ರತಿ ಲೋಕದ ನಾಲ್ಕನೆಯ ಹಂತದಲ್ಲಿ ಒಂದು ಕೋಟೆಯಿದೆ, ಎಂಟನೆಯದರಲ್ಲಿ ಇನ್ನೊಂದು. ಅಲ್ಲಿ ಕಾಮೆಕ್ ಎಂಬ ಮಾಂತ್ರಿಕ ಪೊರಕೆಯೇರಿ ಬಂದು, ಸಾಮಾನ್ಯ ಶತ್ರುವೊಂದರ ಮೇಲೆ ಮಂತ್ರದ ಪುಡಿ ಎರಚಿ ಅದನ್ನು ಕೋಣೆ ತುಂಬುವಷ್ಟು ಉಬ್ಬಿಸುತ್ತಾನೆ. ಮೊದಲ ಲೋಕದ ನಾಲ್ಕನೆಯ ಹಂತದಲ್ಲಿ ಹೀಗೆ ಉಬ್ಬಿದ ಬರ್ಟ್‌ಗೆ ಮೊಟ್ಟೆಯಿಂದ ಹೊಡೆದಷ್ಟೂ ಚಡ್ಡಿ ಕೆಳಜಾರುತ್ತ ಹೋಗುತ್ತದೆ. ಇನ್ನೆಷ್ಟು ಹೊಡೆತ ಬಾಕಿಯಿದೆ ಎಂದು ತೋರಿಸಲು ಹೆಲ್ತ್ ಬಾರ್ ಬೇಕೇ ಬೇಕೆಂದಿಲ್ಲ, ಚಡ್ಡಿಯೂ ಆಗಬಹುದು. ಮೂರನೆಯ ಲೋಕದ ಕೊನೆಯ ಕೋಟೆಯಲ್ಲಂತೂ, ಕಾಮೆಕ್ ಮಾತು ಮುಗಿಸುವ ಮೊದಲೇ ದೂರದಿಂದ ಗುರಿಯಿಟ್ಟು ಆ ಪುಟ್ಟ ಗಿಡಕ್ಕೆ ಮೊಟ್ಟೆ ಹೊಡೆದರೆ ಅದು ಉಬ್ಬುವ ಮುನ್ನವೇ ಸತ್ತು, ಹೋರಾಟವಿಲ್ಲದೆ ಗೆಲುವು ಸಿಗುತ್ತದೆ! ಆಟ ಮಾಡಿದವರೇ ಈ ಸಾಧ್ಯತೆಯನ್ನು ಊಹಿಸಿ ಕಾಮೆಕ್‌ನ ಬಾಯಿಗೆ ಒಂದು ಉದ್ಗಾರವನ್ನೂ ಇಟ್ಟಿದ್ದಾರೆ.

ಚೆಕ್‌ಪಾಯಿಂಟ್, ಅಂದರೆ ಸತ್ತವನು ಮತ್ತೆ ಆಟ ಶುರುಮಾಡುವ ಜಾಗದ ಬಗ್ಗೆ ನೀವೇನೂ ಬರೆದಿಲ್ಲ. ಅದು ಕಪ್ಪೆಯ ಬಾಗಿಲ ಹೊಸ್ತಿಲಲ್ಲೇ ಇರಲಿ. ಸತ್ತವನು ಎರಡು ಮೂರು ಸೆಕೆಂಡುಗಳಲ್ಲಿ ಮತ್ತೆ ಕಪ್ಪೆಯೆದುರು ನಿಂತರೆ ‘ಇನ್ನೊಂದು ಸಲ’ ಎನ್ನುತ್ತಾನೆ, ಅರ್ಧ ಲೆವೆಲ್ ನಡೆದು ಬರಬೇಕಾದರೆ ಆಟವನ್ನೇ ಮುಚ್ಚಿಡುತ್ತಾನೆ.

ಪ್ರಶ್ನೆ: ಒಬ್ಬನೇ ಮಿನಿ ಬಾಸ್‌ನನ್ನು ಹತ್ತು ಕಡೆ ನಿಲ್ಲಿಸುವುದು ತಯಾರಕರ ಸೋಮಾರಿತನವಲ್ಲವೇ?

ಉತ್ತರ: ಕೆಲವೊಮ್ಮೆ ಹೌದು. ಬರೀ ಬಣ್ಣ ಬದಲಿಸಿ, ತಾಳಿಕೊಳ್ಳುವ ಪೆಟ್ಟುಗಳ ಸಂಖ್ಯೆಯನ್ನು ದುಪ್ಪಟ್ಟು ಮಾಡಿ ಮತ್ತೆ ನಿಲ್ಲಿಸಿದವನನ್ನು ಕಂಡರೆ ನನಗೂ ಆಕಳಿಕೆ ಬರುತ್ತದೆ. ಆದರೆ ಮರುಕಳಿಕೆಯೇ ತಪ್ಪಲ್ಲ. 1988ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಸೂಪರ್ ಮಾರಿಯೋ ಬ್ರದರ್ಸ್ 3’ರ ಕಿರುಕೋಟೆಗಳನ್ನೆಲ್ಲ ಕಾಯುವವನು ಬೂಮ್ ಬೂಮ್ ಒಬ್ಬನೇ. ತೋಳುಗಳನ್ನು ಗರಗರ ತಿರುಗಿಸುತ್ತ ಬೆನ್ನಟ್ಟಿ ಬರುವ ಅವನ ತಲೆಯನ್ನು ಮೂರು ಸಲ ಮೆಟ್ಟಿದರೆ ಸೋಲುತ್ತಾನೆ. ಅವನು ಬದಲಾಗದಿದ್ದರೂ ಅವನವರೆಗಿನ ದಾರಿ ಪ್ರತಿ ಸಲವೂ ಬೇರೆಯಾಗಿರುತ್ತದೆ, ಮತ್ತು ಕೆಲವು ಕಡೆ ಅವನಿಗೆ ಇದ್ದಕ್ಕಿದ್ದಂತೆ ರೆಕ್ಕೆ ಮೂಡಿ ಮೇಲಿನಿಂದ ಎರಗುತ್ತಾನೆ. ‘ಇವನನ್ನು ಬಲ್ಲೆ’ ಎಂದು ಉದಾಸೀನದಿಂದ ಒಳಗೆ ಬಂದವನಿಗೆ ಆ ರೆಕ್ಕೆಗಳು ಕೊಡುವ ಬೆಚ್ಚು, ಹೊಚ್ಚ ಹೊಸ ಶತ್ರುವಿನಿಂದ ಹುಟ್ಟುವುದಿಲ್ಲ. ಆ ಕಾಲದ ಕಾರ್ಟ್ರಿಜ್‌ನಲ್ಲಿ ಇಡೀ ಆಟ ಕೆಲವೇ ನೂರು ಕಿಲೋಬೈಟ್‌ಗಳಲ್ಲಿ ಹಿಡಿಯಬೇಕಿತ್ತು ಎಂಬುದನ್ನೂ ನೆನಪಿಡಬೇಕು. ಎರಡು ದಶಕಗಳ ನಂತರ, ಆ ಇಕ್ಕಟ್ಟು ಎಂದೋ ಮುಗಿದಿದ್ದರೂ, 2012ರ ‘ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ಯು’ ಗೋಪುರಗಳನ್ನು ಕಾಯಲು ಮತ್ತೆ ಬೂಮ್ ಬೂಮ್‌ನನ್ನೇ ಕರೆಸಿಕೊಂಡು, ಕಾಮೆಕ್‌ನ ಮಂತ್ರದಿಂದ ಅವನಿಗೆ ಹೊಸ ಬಲ ಕೊಡಿಸಿತು.

ಪ್ರಶ್ನೆ: ಅಷ್ಟು ಕಷ್ಟಪಟ್ಟು ಮಿನಿ ಬಾಸ್‌ನನ್ನು ಸೋಲಿಸಿದರೆ ಕೆಲವು ಆಟಗಳಲ್ಲಿ ಬಾಗಿಲೊಂದು ತೆರೆಯುತ್ತದೆ, ಅಷ್ಟೇ. ಬಹುಮಾನ ಇಷ್ಟು ಸಪ್ಪೆಯಾಗಿರಬೇಕೇ?

ಉತ್ತರ: ಬಾಗಿಲು ತೆರೆಯುವುದನ್ನೂ ಸಪ್ಪೆಯಾಗದಂತೆ ಮಾಡಬಹುದು. ಈಗ ಹೇಳಿದ ಬೂಮ್ ಬೂಮ್ ಸತ್ತು, ಅವನು ಬಿಟ್ಟುಹೋದ ಗೋಲವನ್ನು ಹಿಡಿದೊಡನೆ ಭೂಪಟದ ಮೇಲಿನ ಕಿರುಕೋಟೆ ಕುಸಿದು ಬೀಳುತ್ತದೆ, ಬೀಗ ಹಾಕಿದ್ದ ದಾರಿ ತೆರೆಯುತ್ತದೆ. ನೀವು ಗೆದ್ದದ್ದು ಊರಿಗೆಲ್ಲ ಕಾಣುವಂತೆ ಪಟದಲ್ಲಿ ಉಳಿಯುತ್ತದೆ. 1994ರ ‘ಸೋನಿಕ್ 3’ರಲ್ಲಿ ವಲಯದ ಮೊದಲ ಅಂಕ ಮಿನಿ ಬಾಸ್‌ನಿಂದಲೂ ಎರಡನೆಯ ಅಂಕ ಖಳನಾಯಕ ಡಾಕ್ಟರ್ ಎಗ್‌ಮನ್‌ನಿಂದಲೂ ಮುಗಿಯುವುದು ವಾಡಿಕೆ. ಮಿನಿ ಬಾಸ್ ಸಿಡಿದ ಮೇಲೆ ಗುರಿಫಲಕ ಆಕಾಶದಿಂದ ತಿರುಗುತ್ತ ಬೀಳುತ್ತದೆ, ಅದನ್ನು ಕೆಳಗಿನಿಂದ ತಲೆಯಲ್ಲಿ ಗುದ್ದಿ ಚೆಂಡಿನಂತೆ ಮತ್ತೆ ಮತ್ತೆ ಮೇಲೆ ಚಿಮ್ಮಿಸಿ ಪಾಯಿಂಟ್ ಗಳಿಸಬಹುದು, ಸರಿಯಾದ ಜಾಗದಲ್ಲಿ ನೆಲಕ್ಕೆ ಬಿದ್ದರೆ ಅಡಗಿದ್ದ ಬಹುಮಾನದ ಪೆಟ್ಟಿಗೆಯೂ ಹೊರಬರುತ್ತದೆ. ಹೋರಾಟದ ಬಿಗಿ ಸಡಿಲವಾಗಲು ಅಷ್ಟು ಸಾಕು.

ಆದರೆ ಬಹುಮಾನದ ಮಾತು ಬಂದರೆ ನನ್ನ ಮತ 1993ರ ‘ಕರ್ಬೀಸ್ ಅಡ್ವೆಂಚರ್’ಗೆ. ಮಸಾಹಿರೊ ಸಕುರಾಯ್ ನಿರ್ದೇಶಿಸಿದ ಆ ಆಟದಲ್ಲಿ ಸೋತು ಬಿದ್ದ ಮಿನಿ ಬಾಸ್‌ನನ್ನು ಕರ್ಬಿ ಬಾಯಿಂದ ಎಳೆದುಕೊಂಡು ನುಂಗಿಬಿಡುತ್ತಾನೆ. ಬಾಂಕರ್ಸ್ ಎಂಬ ಗೊರಿಲ್ಲಾವನ್ನು ನುಂಗಿದರೆ ಅವನ ಸುತ್ತಿಗೆ, ಬಗ್ಜಿ ಎಂಬ ಕೊಂಬಿನ ದುಂಬಿಯನ್ನು ನುಂಗಿದರೆ ಎದುರಾಳಿಯನ್ನು ಎತ್ತಿ ಒಗೆಯುವ ಅದರ ಕುಸ್ತಿಪಟ್ಟು ನಿಮ್ಮದಾಗುತ್ತದೆ. ಯಾವ ಪೆಟ್ಟಿಗೆ ಹೆದರಿ ಈವರೆಗೆ ಓಡುತ್ತಿದ್ದಿರೋ ಅದೇ ಪೆಟ್ಟು ಮರುಕ್ಷಣ ನಿಮ್ಮ ಕೈಯಲ್ಲಿರುತ್ತದೆ. ಇದಕ್ಕಿಂತ ಒಳ್ಳೆಯ ಬಹುಮಾನ ನನಗಂತೂ ಹೊಳೆಯುವುದಿಲ್ಲ.

ಪ್ರಶ್ನೆ: ಮಿನಿ ಬಾಸ್ ದಾಟಲು ಆಟದಲ್ಲೇ ಇರುವ ಸಹಾಯದ ಸೌಲಭ್ಯವನ್ನು ಬಳಸಿದರೆ ಅದು ಮೋಸವಾಗುತ್ತದೆಯೇ?

ಉತ್ತರ: ಇಲ್ಲ. 2009ರ ‘ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ವೀ’ಯಲ್ಲಿ ಒಂದೇ ಹಂತದಲ್ಲಿ ಎಂಟು ಸಲ ಸತ್ತರೆ ಹಸಿರು ಪೆಟ್ಟಿಗೆಯೊಂದು ಕಾಣಿಸಿಕೊಳ್ಳುತ್ತದೆ, ಅದನ್ನು ಗುದ್ದಿದರೆ ಮಾರಿಯೋನ ಸೋದರ ಲುಯಿಗಿ ಬಂದು ದಾರಿ ತೋರಿಸುತ್ತಾನೆ. 2018ರ ‘ಸೆಲೆಸ್ಟ್’ ಆಟದ ವೇಗವನ್ನೇ ತಗ್ಗಿಸಿಕೊಳ್ಳಲು ಬಿಡುತ್ತದೆ. ಮೇಲೆ ಕಪ್ಪೆಯ ಲೆಕ್ಕದಲ್ಲಿ ನೋಡಿದ ಕಾಲು ಸೆಕೆಂಡಿನ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಆಟದ ವೇಗ ಅರ್ಧವಾದರೆ 15 ಫ್ರೇಮ್‌ಗಳ ಸುಳಿವು ಅರ್ಧ ಸೆಕೆಂಡು ಪರದೆಯ ಮೇಲೆ ನಿಲ್ಲುತ್ತದೆ. ನಿಧಾನದಲ್ಲಿ ವರಸೆ ಕಲಿತು, ಆಮೇಲೆ ವೇಗ ಏರಿಸಿಕೊಂಡು ಆಡುವವರನ್ನು ಬಲ್ಲೆ. ಅವರಲ್ಲಿ ಕೆಲವರು ನನಗಿಂತ ಚೆನ್ನಾಗಿ ಆಡುತ್ತಾರೆ.

ಪ್ರಶ್ನೆ: ನಿನ್ನೆ ನನ್ನ ಕೊನೆಯ ಹೊಡೆತಕ್ಕೆ ಮಿನಿ ಬಾಸ್ ಸತ್ತ. ಅವನು ಸಾಯುವ ಮುನ್ನ ಎಸೆದಿದ್ದ ಬೆಂಕಿಯುಂಡೆ ತಾಗಿ ಮರುಕ್ಷಣವೇ ನಾನೂ ಸತ್ತೆ. ಆಟ ನನ್ನನ್ನು ಸೋತವನೆಂದು ಹಿಂದಕ್ಕೆ ಕಳಿಸಿತು. ಇದು ನ್ಯಾಯವೇ?

ಉತ್ತರ: ನ್ಯಾಯವಲ್ಲ, ಆದರೆ ತಯಾರಕರ ದ್ವೇಷವೂ ಅಲ್ಲ. ಪ್ರತಿ ಫ್ರೇಮಿನಲ್ಲೂ ಪ್ರೋಗ್ರಾಮ್ ಪರದೆಯ ಮೇಲಿನ ವಸ್ತುಗಳನ್ನು ಒಂದೊಂದಾಗಿ ವಿಚಾರಿಸಿಕೊಳ್ಳುತ್ತ ಹೋಗುತ್ತದೆ. ಮಿನಿ ಬಾಸ್ ಸತ್ತದ್ದನ್ನು ಅದು ಬರೆದುಕೊಂಡರೂ, ಅವನು ಎಸೆದ ಉಂಡೆ ಅದರ ಪಾಲಿಗೆ ಬೇರೆಯದೇ ಆದ ವಸ್ತು. ಎಸೆದವನು ಸತ್ತ ಸುದ್ದಿ ಉಂಡೆಗೆ ಯಾರೂ ಹೇಳಿರುವುದಿಲ್ಲ, ಅದು ತನ್ನ ಪಾಡಿಗೆ ಹಾರುತ್ತ ಬಂದು ತಾಗುತ್ತದೆ. ಎಚ್ಚರವಿರುವ ತಯಾರಕರು ಬಾಸ್‌ನ ಶಕ್ತಿ ಸೊನ್ನೆಗಿಳಿದ ಅದೇ ಫ್ರೇಮಿನಲ್ಲಿ ಗಾಳಿಯಲ್ಲಿರುವ ಅವನ ಆಯುಧಗಳನ್ನೆಲ್ಲ ಅಳಿಸಿ, ನಾಯಕನಿಗೆ ಏನೂ ತಾಗದಂತೆ ರಕ್ಷಣೆ ಕೊಟ್ಟು, ಆಮೇಲೆ ಸ್ಫೋಟದ ಚಿತ್ರ ತೋರಿಸುತ್ತಾರೆ. ನೀವು ಆಡಿದ ಆಟದವರು ಈ ನಾಲ್ಕು ಸಾಲು ಬರೆಯಲು ಮರೆತಿದ್ದಾರೆ. ಇಂಥದೇ ಉಂಡೆಯೊಂದು ನನ್ನ ಕೊನೆಯ ಜೀವವನ್ನೂ ಒಮ್ಮೆ ತಿಂದಿದೆ. ಅಂದಿನಿಂದ ಮಿನಿ ಬಾಸ್ ಸಿಡಿಯುವ ಸದ್ದು ಪೂರ್ತಿ ಅಡಗುವವರೆಗೂ ನಾನು ಮೂಲೆಯಲ್ಲಿ ಹಾರುತ್ತಲೇ ಇರುತ್ತೇನೆ.